ದಶಕಗಳಿಂದ ಪೆಟ್ಟಿಗೆಯಲ್ಲಿದ್ದ ಗ್ಲೋ ಎಂಜಿನ್‌ಗಳನ್ನು ಮತ್ತೆ ಓಡಿಸುವ ಬಗೆ: ಕೊಡಗಿನ ಹವೆಯಲ್ಲಿ ಅನುಸರಿಸಬೇಕಾದ ಕ್ರಮ

ನಾಪೋಕ್ಲಿನ ಸದಸ್ಯರು:

ವಾಯುಪಡೆಯಲ್ಲಿದ್ದು ನಿವೃತ್ತರಾದ ನಮ್ಮ ಚಿಕ್ಕಪ್ಪನವರು ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುತ್ತಿದ್ದರು. ಅವರ ಟ್ರಂಕಿನಲ್ಲಿ ಮೂರು ಗ್ಲೋ ಎಂಜಿನ್‌ಗಳು, ಅಂದರೆ ಕಿಡಿಯ ಬದಲು ಕಾದ ಸುರುಳಿಯಿಂದ ಮೆಥನಾಲ್ ಇಂಧನವನ್ನು ಹೊತ್ತಿಸುವ ಪುಟ್ಟ ಎಂಜಿನ್‌ಗಳು ಸಿಕ್ಕಿವೆ. ಒಂದು ಜಪಾನಿನ ಒ.ಎಸ್. ಮ್ಯಾಕ್ಸ್ 35, ಇನ್ನೊಂದು ಅಮೆರಿಕದ ಕಾಕ್ಸ್ ಬೇಬ್ ಬೀ 049, ಮೂರನೆಯದು ಬಾಲ್ ಬೇರಿಂಗ್ ಇರುವ 60ರ ಅಳತೆಯ ದೊಡ್ಡ ಎಂಜಿನ್ (ಈ ಅಂಕಿಗಳು ಘನ ಇಂಚಿನ ಲೆಕ್ಕದಲ್ಲಿ ಎಂಜಿನ್ನಿನ ಗಾತ್ರ: 35 ಎಂದರೆ 0.35, 049 ಎಂದರೆ 0.049 ಘನ ಇಂಚು). ಇದರ ಮೇಲಿನ ಅಕ್ಷರಗಳು ಸವೆದುಹೋಗಿರುವುದರಿಂದ ತಯಾರಕರು ಯಾರೆಂದು ಓದಲಾಗುತ್ತಿಲ್ಲ. ಮೂರರ ಶಾಫ್ಟ್‌ಗಳೂ ಕೈಯಿಂದ ಒಂದಿಷ್ಟೂ ತಿರುಗುತ್ತಿಲ್ಲ. ಹೊರಮೈ ಮೇಲೆ ಕಂದು ಬಣ್ಣದ ಗಟ್ಟಿ ಪದರವಿದೆ.

ನಮ್ಮೂರಿನಲ್ಲಿ ತೋಟದ ಸ್ಪ್ರೇಯರ್‌ಗಳನ್ನೂ ಕಳೆ ಕತ್ತರಿಸುವ ಯಂತ್ರಗಳನ್ನೂ ಚೆನ್ನಾಗಿ ದುರಸ್ತಿ ಮಾಡುವ ಒಬ್ಬರಿದ್ದಾರೆ. ಅವರು ಇವನ್ನು ಪೆಟ್ರೋಲಿನಲ್ಲಿ ನೆನೆಸಿಟ್ಟು, ಶಾಫ್ಟನ್ನು ಇಕ್ಕುಳದಿಂದ ಹಿಡಿದು ತಿರುಗಿಸಿ, ಆಮೇಲೆ ಸಿಲಿಂಡರನ್ನು ಹೋನ್ ಮಾಡಿದರೆ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ನಯಗೊಳಿಸಿದರೆ) ಸಾಕು ಎನ್ನುತ್ತಾರೆ. ಅವರ ಕೈಗೆ ಒಪ್ಪಿಸುವ ಮೊದಲು ಬಲ್ಲವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ನನ್ನ ಉದ್ದೇಶ ಇವನ್ನು ಗಾಜಿನ ಕಪಾಟಿನಲ್ಲಿ ಇಡುವುದಲ್ಲ. ಬೇಸಿಗೆಯಲ್ಲಿ ಗದ್ದೆ ಬಯಲು ಒಣಗಿರುವಾಗ 35ರ ಎಂಜಿನ್ನನ್ನಾದರೂ ಕಂಟ್ರೋಲ್ ಲೈನ್ ವಿಮಾನವೊಂದಕ್ಕೆ (ಕೈಯಲ್ಲಿ ಹಿಡಿದ ತಂತಿಗಳ ತುದಿಯಲ್ಲಿ ಸುತ್ತು ಹಾಕಿ ಹಾರುವ ಮಾದರಿಗೆ) ಕೂರಿಸಿ ಹಾರಿಸಬೇಕೆಂಬ ಆಸೆಯಿದೆ.

ಮಡಿಕೇರಿಯ ಸದಸ್ಯರು:

ದಯವಿಟ್ಟು ಇಕ್ಕುಳವನ್ನು ದೂರವಿಡಿ. ನಿಮ್ಮ ಎಂಜಿನ್‌ಗಳು ಕೆಟ್ಟಿವೆಯೆಂದು ಹೇಳಲು ಈವರೆಗೆ ಯಾವ ಆಧಾರವೂ ಇಲ್ಲ. ಆ ಕಾಲದ ಇಂಧನದಲ್ಲಿ ಐದನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹರಳೆಣ್ಣೆ ಇರುತ್ತಿತ್ತು. ಬಿಸಿಯಾದ ಹರಳೆಣ್ಣೆ ಗಾಳಿಯ ಸಂಪರ್ಕದಲ್ಲಿ ವರ್ಷಗಟ್ಟಲೆ ಉಳಿದರೆ ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಪಿಸ್ಟನ್ನಿಗೂ ಸ್ಲೀವ್‌ಗೂ (ಸಿಲಿಂಡರಿನ ಒಳಗಿನ ಕೊಳವೆಗೂ) ನಡುವಿನ ಅತಿ ಸಣ್ಣ ಅಂತರದಲ್ಲಿ ಆ ಪದರ ಕೂತಿರುವುದರಿಂದಲೇ ಶಾಫ್ಟ್ ಅಲುಗುತ್ತಿಲ್ಲ. ಒಳಭಾಗಗಳು ಆ ಪದರದ ಅಡಿಯಲ್ಲಿ ತುಕ್ಕು ಹಿಡಿಯದೆ ಉಳಿದಿರುವ ಸಂಭವವೇ ಹೆಚ್ಚು. ಈ ಸ್ಥಿತಿಯಲ್ಲಿ ಬಲ ಪ್ರಯೋಗಿಸಿದರೆ ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಶಾಫ್ಟಿನ ಮೇಲೆ ಇಕ್ಕುಳದ ಹಲ್ಲಿನ ಗುರುತು ಬೀಳುತ್ತದೆ, ಅಲ್ಲಿಯವರೆಗೆ ಸರಿಯಾಗಿಯೇ ಇದ್ದ ಎಂಜಿನ್ ನಿಜವಾಗಿಯೂ ಕೆಡುತ್ತದೆ.

ಪೆಟ್ರೋಲು ಗಟ್ಟಿಯಾದ ಹರಳೆಣ್ಣೆಯನ್ನು ಕರಗಿಸುವುದಿಲ್ಲ. ಅದಕ್ಕೆ ಬೇಕಾದದ್ದು ಶಾಖ. ಗ್ಲೋ ಪ್ಲಗ್ (ಇಂಧನ ಹೊತ್ತಿಸುವ ಸುರುಳಿಯಿರುವ ಬಿರಡೆ) ಬಿಚ್ಚಿ, ಆ ರಂಧ್ರದಿಂದಲೂ ಎಕ್ಸಾಸ್ಟ್ ಬಾಯಿಂದಲೂ ತೆಳುವಾದ ಮೆಷಿನ್ ಆಯಿಲ್ ಬಿಟ್ಟು, ಹೀಟ್ ಗನ್‌ನಿಂದ ಸಿಲಿಂಡರಿನ ಸುತ್ತ ಸಮನಾಗಿ ಬಿಸಿ ಮಾಡಿ. ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾದಾಗ ದಪ್ಪ ಬಟ್ಟೆಯಲ್ಲಿ ಎಂಜಿನ್ ಹಿಡಿದು, ಒಂದು ಮರದ ಪ್ರೊಪೆಲ್ಲರನ್ನು ಶಾಫ್ಟಿಗೆ ಬಿಗಿದು, ಮೆಲ್ಲಗೆ ಎರಡೂ ದಿಕ್ಕಿಗೆ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮತ್ತೆ ಎಣ್ಣೆ ಬಿಟ್ಟು ಮತ್ತೆ ಬಿಸಿ ಮಾಡಿ. ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಿ ಮರುದಿನ ಮುಂದುವರಿಸಿ. ಈ ಕೆಲಸದಲ್ಲಿ ಅವಸರಕ್ಕೆ ಯಾವ ಲಾಭವೂ ಇಲ್ಲ.

ಹೋನ್ ಮಾಡುವ ವಿಚಾರವನ್ನಂತೂ ಸಂಪೂರ್ಣವಾಗಿ ಬಿಟ್ಟುಬಿಡಿ. ಸ್ಪ್ರೇಯರ್ ಎಂಜಿನ್ನಿನ ಪಿಸ್ಟನ್ನಿಗೆ ರಿಂಗ್ ಇರುತ್ತದೆ, ಸಿಲಿಂಡರಿನ ಸಣ್ಣ ಏರುಪೇರನ್ನು ರಿಂಗ್ ತುಂಬಿಕೊಳ್ಳುತ್ತದೆ. ನಿಮ್ಮ 35ರಲ್ಲಿ ರಿಂಗೇ ಇಲ್ಲ. ಅಲ್ಲಿ ಎರಕದ ಕಬ್ಬಿಣದ ಪಿಸ್ಟನ್ನನ್ನು ಉಕ್ಕಿನ ಸ್ಲೀವ್‌ಗೆ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಸಂಪೀಡನವೆಲ್ಲ (ಕಂಪ್ರೆಷನ್) ಆ ಹೊಂದಿಕೆಯಿಂದಲೇ ಬರುತ್ತದೆ. ಹೋನಿಂಗ್ ಕಲ್ಲು ಒಂದು ಸುತ್ತು ತಿರುಗಿದರೂ ಆ ಜೋಡಿ ಮುರಿದ ಹಾಗೆಯೇ. ಹಳೆಯ ಎಂಜಿನ್ನನ್ನು ಮತ್ತೆ ಕಟ್ಟುವುದೆಂದರೆ ಬಹುಪಾಲು ಅದನ್ನು ಶುದ್ಧಗೊಳಿಸಿ, ಅದರ ಭಾಗಗಳನ್ನು ಅವು ಇದ್ದಲ್ಲಿಗೇ ಮರಳಿ ಕೂರಿಸುವುದು. ಲೋಹವನ್ನು ತೆಗೆಯುವುದು ಕಟ್ಟಕಡೆಯ ಮಾತು.

ಸಿದ್ದಾಪುರದ ಸದಸ್ಯರು (ವರ್ಕ್‌ಶಾಪ್ ನಡೆಸುವವರು):

ಮಡಿಕೇರಿಯವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಮೂರನೆಯ ಎಂಜಿನ್ನಿನ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. 35ರ ಶಾಫ್ಟ್ ಕಂಚಿನ ಬುಷ್‌ನಲ್ಲಿ, ಅಂದರೆ ಗುಂಡುಗಳಿಲ್ಲದ ಸರಳ ಕೊಳವೆಯಲ್ಲಿ ತಿರುಗುತ್ತದೆ, ಅಲ್ಲಿ ತುಕ್ಕಿಗೆ ಅಷ್ಟಾಗಿ ಅವಕಾಶವಿಲ್ಲ. ಬಾಲ್ ಬೇರಿಂಗ್ ಇರುವ ಎಂಜಿನ್‌ಗಳ ಕಥೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ. ಮೆಥನಾಲ್ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಉರಿದ ಇಂಧನದ ಶೇಷದಲ್ಲಿ ಆಮ್ಲದ ಅಂಶವಿರುತ್ತದೆ, ಶಕ್ತಿ ಹೆಚ್ಚಿಸುವ ನೈಟ್ರೋಮೀಥೇನ್ (ನೈಟ್ರೋ) ಬೆರೆಸಿದ್ದರೆ ಅದು ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಮನೆಯಲ್ಲಿ ಇಂಥ ಎಂಜಿನ್ ದಶಕಗಳ ಕಾಲ ಕುಳಿತಿದ್ದರೆ ಹಿಂದಿನ ಬೇರಿಂಗಿನ ಗುಂಡುಗಳ ಮೇಲೆ ಗುಳಿಗಳು ಬಿದ್ದೇ ಇರುತ್ತವೆ. ಅದನ್ನು ತಿರುಗಿಸಿದಾಗ ಮರಳು ಅರೆದಂತೆ ಅನಿಸಿದರೆ ಓಡಿಸಬೇಡಿ. ಬೇರಿಂಗಿನಿಂದ ಉದುರಿದ ಚೂರುಗಳು ನೇರವಾಗಿ ಪಿಸ್ಟನ್ ಮತ್ತು ಸ್ಲೀವ್ ನಡುವೆ ಸೇರುತ್ತವೆ.

ಬಿಚ್ಚುವ ಕ್ರಮದಲ್ಲಿ ಮೊದಲ ತೊಡಕು ಸ್ಕ್ರೂಗಳದ್ದು. ಜಪಾನಿನ ಹಳೆಯ ಎಂಜಿನ್‌ಗಳ ಪ್ಲಸ್ ಗುರುತಿನ ಸ್ಕ್ರೂಗಳಿಗೆ ನಮ್ಮ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಕೂರುವುದಿಲ್ಲ, ತುದಿ ಜಾರಿ ತಲೆಯನ್ನು ತಿಂದುಹಾಕುತ್ತದೆ. ಜಪಾನ್ ಮಾನಕದ, ಅಂದರೆ ಜೆ.ಐ.ಎಸ್. ತುದಿಯ ಸ್ಕ್ರೂಡ್ರೈವರ್ ತರಿಸಿಕೊಳ್ಳಿ. ಅಮೆರಿಕದ ಎಂಜಿನ್‌ಗಳ ಮರೆಗಳು (ಸ್ಕ್ರೂವಿನ ಸುರುಳಿ ಗೀರುಗಳು, ಥ್ರೆಡ್) ಇಂಚಿನ ಅಳತೆಯವು, ಅವಕ್ಕೆ ಮಿಲಿಮೀಟರ್ ಸ್ಕ್ರೂ ಹಾಕಿದರೆ ಅಲ್ಯೂಮಿನಿಯಂ ಮರೆ ಹಾಳಾಗುತ್ತದೆ. ಗ್ಲೋ ಪ್ಲಗ್ಗಿನ ಮರೆ ಮಾತ್ರ ಬಹುತೇಕ ಎಲ್ಲೆಡೆ ಒಂದೇ: ಕಾಲು ಇಂಚು ವ್ಯಾಸ, ಇಂಚಿಗೆ 32 ಸುತ್ತು. ಹೀಗಾಗಿ ಇಂದಿನ ಹೊಸ ಪ್ಲಗ್ ನಿಮ್ಮ 35ಕ್ಕೂ 60ಕ್ಕೂ ಹೊಂದುತ್ತದೆ.

ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಮತ್ತು ಬ್ಯಾಕ್‌ಪ್ಲೇಟ್ (ಹಿಂಬದಿಯ ಮುಚ್ಚಳ) ತೆಗೆದ ಮೇಲೆ ಯಾವ ಭಾಗವನ್ನೂ ಹೊರಗೆಳೆಯುವ ಮೊದಲು ಎಲ್ಲ ಕೋನಗಳಿಂದಲೂ ಫೋಟೋ ತೆಗೆದುಕೊಳ್ಳಿ. ಪಿಸ್ಟನ್ ತಲೆಯ ಮೇಲೆ ಗೋಡೆಯಂಥ ಒಂದು ದಿಬ್ಬ ಕಾಣುತ್ತದೆ. ಕ್ರ್ಯಾಂಕ್‌ಕೇಸಿನಿಂದ (ಶಾಫ್ಟ್ ಇರುವ ಕೆಳಗಿನ ಕವಚದಿಂದ) ಮೇಲೇರಿ ಬರುವ ಹೊಸ ಮಿಶ್ರಣ ನೇರವಾಗಿ ಎಕ್ಸಾಸ್ಟಿಗೆ ಹೋಗದಂತೆ ಮೇಲಕ್ಕೆ ತಿರುಗಿಸುವುದು ಅದರ ಕೆಲಸ. ಆದ್ದರಿಂದ ಆ ದಿಬ್ಬ ಹೊಸ ಮಿಶ್ರಣ ಒಳಬರುವ ಬೈಪಾಸ್ ಕಿಂಡಿಯ ಕಡೆಗೇ ಇರಬೇಕು. ಅದನ್ನು ಎಕ್ಸಾಸ್ಟ್ ಕಡೆಗೆ ತಿರುಗಿಸಿ ಜೋಡಿಸಿದರೆ ಎಂಜಿನ್ ಸರಿಯಾಗಿ ಓಡುವುದಿಲ್ಲ. ಕನೆಕ್ಟಿಂಗ್ ರಾಡ್ ಕೂಡ ಮೊದಲಿದ್ದ ಮುಖವನ್ನೇ ಮುಂದಕ್ಕೆ ಮಾಡಿ ಕೂರಬೇಕು.

ಬಿಡಿಭಾಗಗಳ ಮೇಲಿನ ಕಂದು ಪದರಕ್ಕೆ ನನ್ನ ಅನುಭವದಲ್ಲಿ ಅತ್ಯುತ್ತಮ ಔಷಧಿಯೆಂದರೆ ಕಾರಿನ ರೇಡಿಯೇಟರಿಗೆ ಹಾಕುವ ಆ್ಯಂಟಿಫ್ರೀಜ್, ಅಂದರೆ ಎಥಿಲೀನ್ ಗ್ಲೈಕಾಲ್. ಒಂದು ಹಳೆಯ ಪಾತ್ರೆಯಲ್ಲಿ ಭಾಗಗಳು ಮುಳುಗುವಷ್ಟು ಹಾಕಿ, ಕುದಿಯದಂತೆ ಸಣ್ಣ ಉರಿಯ ವಿದ್ಯುತ್ ಒಲೆಯ ಮೇಲೆ ಹಲವು ಗಂಟೆ ಬಿಸಿಯಾಗಿಡಿ. ಆಮೇಲೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಪದರ ಬಿಟ್ಟುಕೊಳ್ಳುತ್ತದೆ. ಇದು ವಿಷ, ರುಚಿ ಸಿಹಿಯಾಗಿರುವುದರಿಂದ ನಾಯಿಗಳಿಗೆ ಇನ್ನೂ ಅಪಾಯಕಾರಿ. ಮನೆಯ ಹೊರಗೆ, ಗಾಳಿಯಾಡುವ ಕಡೆ ಮಾಡಿ, ಆ ಪಾತ್ರೆಯನ್ನು ಮತ್ತೆಂದೂ ಅಡುಗೆಮನೆಗೆ ತರಬೇಡಿ. ಪ್ಲಾಸ್ಟಿಕ್ ಭಾಗಗಳನ್ನೂ ಬಣ್ಣದ ಆನೊಡೈಸಿಂಗ್ ಇರುವ ಭಾಗಗಳನ್ನೂ ಇದರಲ್ಲಿ ಹಾಕಬಾರದು. ಕಾಸ್ಟಿಕ್ ಸೋಡಾ ಬಳಸಿದರೆ ಅಲ್ಯೂಮಿನಿಯಂ ಕರಗುತ್ತದೆ, ಅದರ ಹತ್ತಿರವೂ ಹೋಗಬೇಡಿ.

ಕುಶಾಲನಗರದ ಸದಸ್ಯರು:

ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳದಲ್ಲಿದ್ದಾಗ ನಾವು ಬಳಸುತ್ತಿದ್ದ ಎಂಜಿನ್‌ಗಳಿಗೆ ಪ್ಲಗ್ಗೇ ಇರಲಿಲ್ಲ, ಮೇಲೆ ತಿರುಗಿಸುವ ಒಂದು ಹಿಡಿಯಿತ್ತು, ಇಂಧನ ಈಥರ್ ವಾಸನೆ ಬರುತ್ತಿತ್ತು. ಅವಕ್ಕೂ ಇದೇ ಕ್ರಮ ಅನ್ವಯಿಸುತ್ತದೆಯೇ?

ಮಡಿಕೇರಿಯ ಸದಸ್ಯರು:

ನೀವು ಹೇಳುತ್ತಿರುವುದು ಮಾದರಿ ಡೀಸೆಲ್. ಶುದ್ಧೀಕರಣಕ್ಕೆ ಇದೇ ಕ್ರಮ ಸಾಕು, ಆದರೆ ಓಡಿಸುವ ತತ್ವ ಬೇರೆ. ಅಲ್ಲಿ ಸಂಪೀಡನದ ಬಿಸಿಯಿಂದಲೇ ಈಥರ್ ಹೊತ್ತಿಕೊಳ್ಳುತ್ತದೆ, ಮೇಲಿನ ಹಿಡಿ ಸಂಪೀಡನವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣ. ಗ್ಲೋ ಎಂಜಿನ್ನಿನಲ್ಲಿ ಪ್ಲಗ್ಗಿನೊಳಗಿನ ಪ್ಲಾಟಿನಂ ಮಿಶ್ರಲೋಹದ ಸುರುಳಿ ಕೆಲಸ ಮಾಡುತ್ತದೆ. ಶುರುವಿನಲ್ಲಿ ಒಂದೂವರೆ ವೋಲ್ಟ್ ಕೊಟ್ಟು ಅದನ್ನು ಕೆಂಪಗೆ ಕಾಯಿಸಬೇಕು. ಒಮ್ಮೆ ಎಂಜಿನ್ ಹಿಡಿದುಕೊಂಡರೆ ದಹನದ ಶಾಖವೂ ಪ್ಲಾಟಿನಂ ಮೇಲ್ಮೈಯಲ್ಲಿ ಮೆಥನಾಲ್ ಉತ್ಕರ್ಷಣೆಗೊಳ್ಳುವಾಗ ಹುಟ್ಟುವ ಶಾಖವೂ ಸೇರಿ ಸುರುಳಿಯನ್ನು ಬೆಳಗುತ್ತಲೇ ಇಡುತ್ತವೆ, ಆಗ ಬ್ಯಾಟರಿ ತೆಗೆದುಬಿಡಬಹುದು. ಅಮೆರಿಕದ ರೇ ಆರ್ಡನ್ 1947ರಲ್ಲಿ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ವಿಮಾನದೊಳಗೆ ಸ್ಪಾರ್ಕ್ ಕಾಯಿಲ್, ಬ್ಯಾಟರಿ, ಕಂಡೆನ್ಸರುಗಳನ್ನು ಹೊತ್ತೊಯ್ಯುವ ಭಾರ ತಪ್ಪಿತು. ಇಷ್ಟು ಸರಳವಾದ ಒಂದು ಸುರುಳಿ ಇಡೀ ಹವ್ಯಾಸದ ಸ್ವರೂಪವನ್ನೇ ಬದಲಿಸಿತೆಂಬುದು ನನಗೆ ಈಗಲೂ ಬೆರಗಿನ ಸಂಗತಿ.

ನಾಪೋಕ್ಲಿನ ಸದಸ್ಯರು:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. 35ರ ಎಂಜಿನ್ ಶಾಖಕ್ಕೆ ಬಿಟ್ಟುಕೊಂಡಿತು. ಗ್ಲೈಕಾಲ್‌ನಲ್ಲಿ ಇಟ್ಟ ಮೇಲೆ ಕ್ರ್ಯಾಂಕ್‌ಕೇಸ್ ಬೂದುಬಣ್ಣಕ್ಕೆ ಮರಳಿದೆ. ಸ್ಲೀವ್ ಒಳಗೆ ಉದ್ದಗೀರುಗಳಿಲ್ಲ. ಎರಡು ಹನಿ ಎಣ್ಣೆ ಹಾಕಿ ಜೋಡಿಸಿದ ಮೇಲೆ ಪ್ರೊಪೆಲ್ಲರ್ ತಿರುಗಿಸಿದರೆ ಪಿಸ್ಟನ್ ಮೇಲ್ತುದಿಗೆ ಬಂದಾಗ ಪುಟಿದು ಹಿಂದಕ್ಕೆ ಬರುತ್ತದೆ, ಅಂದರೆ ಸಂಪೀಡನ ಚೆನ್ನಾಗಿದೆ. ಹಳೆಯ ಗ್ಯಾಸ್ಕೆಟ್ ಹರಿದಿದ್ದರಿಂದ ದಪ್ಪ ಡ್ರಾಯಿಂಗ್ ಕಾಗದದಿಂದ ಹೊಸದನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಹಾಕಿದ್ದೇನೆ. 60ರ ಹಿಂದಿನ ಬೇರಿಂಗ್ ಸಿದ್ದಾಪುರದವರು ಹೇಳಿದಂತೆಯೇ ಕರಕರ ಎನ್ನುತ್ತಿದೆ. ಅದನ್ನು ಹೊರತೆಗೆಯುವುದು ಹೇಗೆ? 35ಕ್ಕೆ ಯಾವ ಇಂಧನ ಕೊಡಲಿ?

ಸಿದ್ದಾಪುರದ ಸದಸ್ಯರು:

ಬಡಿದು ತೆಗೆಯಬಾರದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಶಾಫ್ಟ್ ತೆಗೆದು, ಖಾಲಿ ಕ್ರ್ಯಾಂಕ್‌ಕೇಸನ್ನು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಓವನ್‌ನಲ್ಲಿಟ್ಟು, ಚೆನ್ನಾಗಿ ಕಾದ ಮೇಲೆ ಹಿಂಬದಿ ಕೆಳಮುಖವಾಗಿ ಮರದ ಹಲಗೆಗೆ ಮೆಲ್ಲಗೆ ತಟ್ಟಿದರೆ ಬೇರಿಂಗ್ ತಾನಾಗಿ ಕೆಳಗೆ ಬೀಳುತ್ತದೆ. ಹೊಸದನ್ನು ಕೂರಿಸುವಾಗ ಬೇರಿಂಗನ್ನು ಫ್ರೀಜರಿನಲ್ಲಿಟ್ಟು ಕೇಸನ್ನು ಕಾಯಿಸಿ, ಸುತ್ತಿಗೆಯ ಅಗತ್ಯವೇ ಬರುವುದಿಲ್ಲ. ಬೇರಿಂಗಿನ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಕ್ಯಾಲಿಪರಿನಿಂದ ಅಳೆದು ಬರೆದುಕೊಂಡು ಹೋದರೆ ಮೈಸೂರಿನ ಬೇರಿಂಗ್ ಅಂಗಡಿಗಳಲ್ಲಿ ವಿಚಾರಿಸಬಹುದು. ಸಿ3 ಎಂಬ ಗುರುತಿನದು, ಅಂದರೆ ಒಳಗಡೆ ತುಸು ಹೆಚ್ಚಿನ ಸಡಿಲವಿರುವುದು ಸಿಕ್ಕರೆ ಒಳ್ಳೆಯದು. ಹಿಂದಿನ ಬೇರಿಂಗಿಗೆ ರಬ್ಬರ್ ಮುಚ್ಚಳ ಬೇಡ, ಇಂಧನದ ಎಣ್ಣೆಯೇ ಅದಕ್ಕೆ ಆಹಾರ.

ಮಡಿಕೇರಿಯ ಸದಸ್ಯರು:

ಇಂಧನದ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹಳೆಯ ಎಂಜಿನ್‌ಗಳು ಪೆಟ್ಟಿಗೆಯಲ್ಲಿ ಕೆಡುವುದಕ್ಕಿಂತ ಹೆಚ್ಚಾಗಿ ಕಡಿಮೆ ಎಣ್ಣೆಯ ಹೊಸ ಇಂಧನದಿಂದ ಕೆಡುತ್ತವೆ. ಈಗ ಸಿದ್ಧವಾಗಿ ಸಿಗುವ ಹಲವು ಇಂಧನಗಳಲ್ಲಿ ಎಣ್ಣೆಯ ಪ್ರಮಾಣ ಕಡಿಮೆ, ಅದೂ ಸಂಶ್ಲೇಷಿತ ಎಣ್ಣೆ. ಬಾಲ್ ಬೇರಿಂಗ್ ಇರುವ ಇಂದಿನ ಎಂಜಿನ್‌ಗಳಿಗೆ ಅದು ಸರಿ. ಕಬ್ಬಿಣದ ಪಿಸ್ಟನ್ನೂ ಕಂಚಿನ ಬುಷ್ಷೂ ಇರುವ ನಿಮ್ಮ 35ಕ್ಕೆ ಒಂದು ಲೀಟರಿನಲ್ಲಿ 220ರಿಂದ 250 ಮಿಲಿಲೀಟರಿನಷ್ಟು ಎಣ್ಣೆ ಬೇಕು, ಅದರಲ್ಲಿ ಕನಿಷ್ಠ ಅರ್ಧವಾದರೂ ಹರಳೆಣ್ಣೆಯಾಗಿರಬೇಕು. ಪೂರ್ತಿ ಹರಳೆಣ್ಣೆಯೇ ಆದರೆ ನನಗಿನ್ನೂ ಸಮಾಧಾನ. ಎಂಜಿನ್ ಆಕಸ್ಮಿಕವಾಗಿ ಅತಿಯಾಗಿ ಕಾದರೂ ಲೋಹದ ಮೇಲೆ ಪದರವಾಗಿ ಉಳಿಯುವ ಗುಣ ಹರಳೆಣ್ಣೆಗಿದೆ. ಶಾಫ್ಟನ್ನು ಕಚ್ಚಿ ಹಿಡಿದಿದ್ದ ಆ ಕಂದು ವಾರ್ನಿಷ್ ಕೂಡ ಅದೇ ಗುಣದ ಇನ್ನೊಂದು ಮುಖ.

ನಮ್ಮ ದೇಶವೇ ಜಗತ್ತಿನಲ್ಲಿ ಅತಿ ಹೆಚ್ಚು ಹರಳೆಣ್ಣೆ ತಯಾರಿಸುವುದರಿಂದ ಎಣ್ಣೆಗೆ ಬರವಿಲ್ಲ. ಆದರೆ ತಲೆಗೆ ಹಚ್ಚಲು ಮಾರುವ ಸುಗಂಧ ಬೆರೆಸಿದ ಬಾಟಲಿ ಬೇಡ. ಔಷಧ ದರ್ಜೆಯ ಶುದ್ಧ ಎಣ್ಣೆ ಬೇಕು. ತೆಂಗಿನೆಣ್ಣೆಯೋ ಮೋಟಾರ್ ಆಯಿಲ್ಲೋ ಮೆಥನಾಲಿನಲ್ಲಿ ಕರಗುವುದಿಲ್ಲ, ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬಣ್ಣದ ಅಂಗಡಿಯ ಸ್ಪಿರಿಟ್ಟನ್ನು ಮೆಥನಾಲಿನ ಬದಲಿಗೆ ಬಳಸಲಾಗದು. ಮೆಥನಾಲ್ ಖರೀದಿ, ದಾಸ್ತಾನುಗಳ ಮೇಲೆ ಕಾನೂನಿನ ನಿಯಂತ್ರಣವಿರುವುದರಿಂದ ಪರವಾನಗಿ ಇರುವ ರಾಸಾಯನಿಕ ವ್ಯಾಪಾರಿಯ ಬಳಿ ದಾಖಲೆ ಕೊಟ್ಟೇ ಕೊಳ್ಳಿ. ಸ್ವಲ್ಪ ಹೊಟ್ಟೆಗೆ ಹೋದರೂ ಅದು ಕಣ್ಣನ್ನೂ ಪ್ರಾಣವನ್ನೂ ಕಸಿಯಬಲ್ಲದು. ನೀರಿನ ಬಾಟಲಿಗೆ ಎಂದೂ ತುಂಬಬೇಡಿ, ಪಾತ್ರೆಯ ಮೇಲೆ ವಿಷವೆಂದು ದೊಡ್ಡದಾಗಿ ಬರೆಯಿರಿ. ಇನ್ನೊಂದು ಮಾತು: ಹಗಲಿನ ಬೆಳಕಿನಲ್ಲಿ ಮೆಥನಾಲಿನ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಚೆಲ್ಲಿದ ಇಂಧನ ಆರುವ ತನಕ ಪ್ಲಗ್ಗಿಗೆ ವಿದ್ಯುತ್ ಕೊಡಬೇಡಿ.

ನೈಟ್ರೋಮೀಥೇನ್ ಸಿಗದಿದ್ದರೆ ಚಿಂತೆಯಿಲ್ಲ. ಶೇ 80 ಮೆಥನಾಲ್, ಶೇ 20 ಹರಳೆಣ್ಣೆಯ ನೈಟ್ರೋ ಇಲ್ಲದ ಮಿಶ್ರಣ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ಬಳಕೆಯಲ್ಲಿರುವಂಥದ್ದು. ಎಣ್ಣೆಯನ್ನು ಮಾತ್ರ ಮೇಲೆ ಹೇಳಿದ ಪ್ರಮಾಣಕ್ಕೆ ಏರಿಸಿ, ಬಿಸಿ ಬಗೆಯ (ಸುರುಳಿ ಹೆಚ್ಚು ಕಾದಿರುವ) ಪ್ಲಗ್ ಹಾಕಿದರೆ 35 ಇಂಥ ನೈಟ್ರೋ ಇಲ್ಲದ ಇಂಧನದಲ್ಲಿಯೇ ತೃಪ್ತಿಕರವಾಗಿ ಓಡುತ್ತದೆ.

ವಿರಾಜಪೇಟೆಯ ಸದಸ್ಯರು:

ಕಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬೇಬ್ ಬೀ ಕೇವಲ 0.8 ಸಿ.ಸಿ.ಯ ಎಂಜಿನ್, ಆದರೆ ಅದರ ಒಳಗಿನ ನಿಖರತೆ ದೊಡ್ಡವುಗಳನ್ನು ನಾಚಿಸುವಂಥದ್ದು. ಅದರಲ್ಲಿ ಪ್ರತ್ಯೇಕ ಪ್ಲಗ್ ಇಲ್ಲ, ಹೆಡ್ಡೇ ಪ್ಲಗ್. ಇಂಧನ ಟ್ಯಾಂಕ್ ಎಂಜಿನ್ನಿನ ಬೆನ್ನಿಗೇ ಅಂಟಿಕೊಂಡಿದೆ, ಅದರ ಮುಂದೆ ಕ್ರ್ಯಾಂಕ್‌ಕೇಸಿನೊಳಗೆ ತೆಳುವಾದ ರೀಡ್ ವಾಲ್ವ್ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ತೆಳುಹಾಳೆಯ ಕವಾಟ) ಇರುತ್ತದೆ. ಈ ರೀಡ್ ಮೇಲೆ ಒಂದು ಎಳೆ ಕಸ ಕೂತರೂ, ಅಥವಾ ಅದು ಹರಳೆಣ್ಣೆಗೆ ಅಂಟಿಕೊಂಡಿದ್ದರೂ ಎಂಜಿನ್ ಹೊತ್ತಿಕೊಂಡು ತಕ್ಷಣ ಆರುತ್ತದೆ. ಹೆಚ್ಚಿನ ದೂರುಗಳೆಲ್ಲ ಅಲ್ಲಿಯೇ ಮುಗಿಯುತ್ತವೆ. ರೀಡನ್ನು ಬರಿಯ ಮೆಥನಾಲಿನಲ್ಲಿ ತೊಳೆದರೆ ಸಾಕು.

ಪಿಸ್ಟನ್ನಿಗೂ ರಾಡಿಗೂ ನಡುವೆ ಗುಂಡು-ಬಟ್ಟಲಿನ ಕೀಲಿದೆ, ಅದು ಸವೆದು ಸಡಿಲವಾಗಿದ್ದರೆ ಅದಕ್ಕೆಂದೇ ಮಾಡಿದ ರೀಸೆಟ್ ಉಪಕರಣದಿಂದ ಬಿಗಿಗೊಳಿಸಬಹುದು. ಸಿಲಿಂಡರ್ ಬಿಚ್ಚಲು ಅದರದೇ ಸ್ಪ್ಯಾನರ್ ಬೇಕು. ಎಕ್ಸಾಸ್ಟ್ ಕಿಂಡಿಯೊಳಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿ ಹಾಳಾದ ಸಿಲಿಂಡರುಗಳನ್ನು ಬಹಳ ನೋಡಿದ್ದೇನೆ. ಮೇಲೆ ಹೇಳಿದ ನೈಟ್ರೋ ಇಲ್ಲದ ಇಂಧನ ಇದಕ್ಕೆ ಒಗ್ಗದು. ಶೇ 15ಕ್ಕೆ ಕಡಿಮೆಯಿಲ್ಲದಂತೆ ನೈಟ್ರೋ ಇದ್ದರೆ ಮಾತ್ರ ಈ ಪುಟ್ಟ ಎಂಜಿನ್ ಸುಲಭವಾಗಿ ಹಿಡಿಯುತ್ತದೆ. ರೀಡ್ ಇರುವ ಕಾರಣ ಇದು ಹಿಂದುಮುಂದಾಗಿಯೂ ತಿರುಗಬಲ್ಲದು, ಆದ್ದರಿಂದ ಹಿಡಿದ ಕೂಡಲೇ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ.

ಪೊನ್ನಂಪೇಟೆಯ ಸದಸ್ಯರು:

35ನ್ನು ಮೊದಲ ಸಲ ಓಡಿಸುವ ಮುನ್ನ ಗಟ್ಟಿಯಾದ ಸ್ಟ್ಯಾಂಡ್ ಮಾಡಿಕೊಳ್ಳಿ. ಮರದ ದಪ್ಪ ಹಲಗೆಗೆ ಬೋಲ್ಟು, ಹಲಗೆಯನ್ನು ಮೇಜಿಗೆ ಬೋಲ್ಟು. ಟ್ಯಾಂಕಿನ ನಡುಮಟ್ಟ ನೀಡಲ್ ವಾಲ್ವಿನ (ಇಂಧನದ ಹರಿವನ್ನು ಹೊಂದಿಸುವ ಸೂಜಿ ತಿರುಪಿನ) ಮಟ್ಟದಲ್ಲಿರಲಿ. ಪ್ರೊಪೆಲ್ಲರ್ 10×6 (10 ಇಂಚು ವ್ಯಾಸ, ಒಂದು ಸುತ್ತಿಗೆ 6 ಇಂಚು ಮುಂದೆ ಸರಿಯುವ ಓರೆ) ಅಥವಾ ಮೊದಲಿಗೆ ಅದಕ್ಕಿಂತ ತುಸು ಚಿಕ್ಕದು; ಅಂಚಿನಲ್ಲಿ ಸಣ್ಣ ಸೀಳಿದ್ದರೂ ಬಿಸಾಡಿ. ನೀಡಲನ್ನು ಎರಡೂವರೆಯಿಂದ ಮೂರು ಸುತ್ತು ತೆರೆದು, ಗಾಳಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿ ಪ್ರೊಪೆಲ್ಲರನ್ನು ಒಂದೆರಡು ಸುತ್ತು ತಿರುಗಿಸಿ ಇಂಧನ ಎಳೆಸಿ, ಆಮೇಲೆ ಪ್ಲಗ್ಗಿಗೆ ಬ್ಯಾಟರಿ ಕೊಟ್ಟು ರಬ್ಬರ್ ಹೊದಿಸಿದ ಕೋಲಿನಿಂದ ಹೊಡೆಯಿರಿ. ಬರಿಗೈ ಬೇಡ. ಹಿಡಿದ ಮೇಲೆ ಪ್ರೊಪೆಲ್ಲರಿನ ಹಿಂದೆ ನಿಂತೇ ನೀಡಲ್ ತಿರುಗಿಸಬೇಕು. ಅದರ ಸುತ್ತುವ ಸಮತಲದಲ್ಲಿ ಯಾರೂ, ಮುಖ್ಯವಾಗಿ ಮಕ್ಕಳು, ನಿಲ್ಲಬಾರದು.

ಮೊದಲ ಓಟಗಳೆಲ್ಲ ಇಂಧನ ಹೆಚ್ಚಾಗಿರುವ ಸ್ಥಿತಿಯಲ್ಲೇ ಇರಲಿ. ಆಗ ಎಂಜಿನ್ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುತ್ತದೆ, ಶಬ್ದ ಒಡೆದಂತೆ ಗಡಸಾಗಿರುತ್ತದೆ. ಒಂದೆರಡು ನಿಮಿಷ ಓಡಿಸಿ ಪೂರ್ತಿ ತಣ್ಣಗಾಗಲು ಬಿಡಿ. ಆಮೇಲಿನ ಓಟಗಳಲ್ಲಿ ನೀಡಲನ್ನು ಸ್ವಲ್ಪಸ್ವಲ್ಪವೇ ಮುಚ್ಚುತ್ತ ಬಂದರೆ ಒಂದು ಹಂತದಲ್ಲಿ ಶಬ್ದ ಒಮ್ಮೆಲೇ ತೆಳ್ಳಗಾಗಿ ಮೇಲೇರುತ್ತದೆ. ಅಲ್ಲಿ ಕೆಲವು ಕ್ಷಣ ಮಾತ್ರ ಇಟ್ಟು ಹಿಂದಕ್ಕೆ ತನ್ನಿ. ಇಂಧನ ನಳಿಕೆಯನ್ನು ಒಂದು ಗಳಿಗೆ ಹಿಸುಕಿ ನೋಡುವುದು ಹಳೆಯ ಪರೀಕ್ಷೆ: ವೇಗ ಏರಿದರೆ ಇನ್ನೂ ಇಂಧನ ಹೆಚ್ಚಿದೆ, ಏರದೆ ಕುಸಿದರೆ ಈಗಾಗಲೇ ಸಾಲದಾಗಿದೆ. ಆದರೆ ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್ ಇರುವ ಎ.ಬಿ.ಸಿ. ಎಂಜಿನ್‌ಗಳಿಗೆ ಈ ಕ್ರಮ ಸಲ್ಲದು. ಅವು ತಣ್ಣಗಿದ್ದಾಗ ಮೇಲ್ತುದಿಯಲ್ಲಿ ಬಿಗಿಯಾಗಿರುತ್ತವೆ, ಬಿಸಿಯಾದರೆ ಮಾತ್ರ ಸ್ಲೀವ್ ಹಿಗ್ಗಿ ಸರಿಯಾದ ಅಂತರ ಸಿಗುತ್ತದೆ. ಅವನ್ನು ತಣ್ಣಗೆ ಓಡಿಸುವುದೇ ಸವೆಸುವ ದಾರಿ.

ಹಾರಿಸಲು ಗದ್ದೆ ಬಯಲು ಒಳ್ಳೆಯ ಆಯ್ಕೆ. 18 ಮೀಟರ್ ಆಸುಪಾಸಿನ ತಂತಿಗೆ ಸುತ್ತಲೂ ಅದಕ್ಕಿಂತ ಹೆಚ್ಚಿನ ತೆರವು ಬೇಕು. ವಿದ್ಯುತ್ ತಂತಿ ಹತ್ತಿರವಿರುವ ಗದ್ದೆಯಲ್ಲಿ ಕಂಟ್ರೋಲ್ ಲೈನ್ ಹಾರಿಸುವುದು ಪ್ರಾಣಾಪಾಯ. ಕಾಡಂಚಿನ ಗದ್ದೆಗಳನ್ನೂ ಬಿಟ್ಟುಬಿಡಿ, ಈ ಶಬ್ದ ಅಲ್ಲಿಗೆ ಸಲ್ಲದು.

ನಾಪೋಕ್ಲಿನ ಸದಸ್ಯರು:

35 ಓಡಿತು. ಹಿಡಿದ ಕ್ಷಣದಲ್ಲಿ ಹರಳೆಣ್ಣೆಯ ಹೊಗೆಯ ವಾಸನೆ ಅಂಗಳ ತುಂಬಿದಾಗ ನಮ್ಮ ಮನೆಯ ಹಿರಿಯರೆಲ್ಲ ಹೊರಗೆ ಬಂದು ನಿಂತರು. ಇಲ್ಲಿ ಅದು ಸೊಗಸಾಗಿ ಓಡುತ್ತಿದೆ. ಮಂಗಳೂರಿನಲ್ಲಿರುವ ಒಬ್ಬ ಸ್ನೇಹಿತರು ತಮ್ಮಲ್ಲಿಯೂ ಇದೇ ಮಾದರಿಯಿದೆ, ನೀಡಲನ್ನು ಇನ್ನಷ್ಟು ತೆರೆದೇ ಓಡಿಸುತ್ತೇವೆ ಎನ್ನುತ್ತಾರೆ. ಹೀಗೆ ವ್ಯತ್ಯಾಸವಾಗುವುದು ಸಹಜವೇ? ಮಳೆಗಾಲಕ್ಕೆ ಮುನ್ನ ಇವನ್ನು ಹೇಗೆ ಎತ್ತಿಡಬೇಕು? ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿಡು ಎನ್ನುತ್ತಾರೆ.

ಮಡಿಕೇರಿಯ ಸದಸ್ಯರು:

ಸಹಜವೇ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಶೇ 10ರಷ್ಟು ಕಡಿಮೆ. ಗಾಳಿ ಕಡಿಮೆಯಾದಷ್ಟು ಇಂಧನವೂ ಕಡಿಮೆಯಾಗಬೇಕು, ಆದ್ದರಿಂದ ನೀಡಲ್ ತುಸು ಮುಚ್ಚಿರುತ್ತದೆ, ಶಕ್ತಿಯೂ ಸುಮಾರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಿಮ್ಮೂರು ಮಡಿಕೇರಿಗಿಂತ ತಗ್ಗಿನಲ್ಲಿರುವುದರಿಂದ ಇಲ್ಲಿಗೆ ತಂದರೂ ಮತ್ತೆ ಸ್ವಲ್ಪ ಹೊಂದಿಸಬೇಕಾದೀತು. ಇಲ್ಲಿ ಹೊಂದಿಸಿದ ನೀಡಲಿನಲ್ಲಿಯೇ ಮಂಗಳೂರಿಗೆ ಒಯ್ದು ಓಡಿಸಿದರೆ ಇಂಧನ ಸಾಲದೆ ಎಂಜಿನ್ ಕಾಯುತ್ತದೆ. ಘಟ್ಟ ಇಳಿದ ಮೇಲೆ ಮೊದಲು ಅರ್ಧ ಸುತ್ತು ತೆರೆದು ಆರಂಭಿಸಿ.

ಸಿದ್ದಾಪುರದ ಸದಸ್ಯರು:

ಅಟ್ಟ ಬೇಡ. ಅಲ್ಲಿ ಒಣಗಿರುತ್ತದೆ ನಿಜ, ಆದರೆ ಸೌದೆ ಹೊಗೆಯ ಮಸಿಯೂ ಅದರ ಆಮ್ಲವೂ ಉಕ್ಕಿಗೆ ಒಳ್ಳೆಯದಲ್ಲ. ಪ್ರತಿ ಹಾರಾಟದ ದಿನದ ಕೊನೆಯ ಓಟದಲ್ಲಿ ನಳಿಕೆ ಹಿಸುಕಿ ಇಂಧನ ಪೂರ್ತಿ ಉರಿದು ತಾನಾಗಿ ನಿಲ್ಲುವಂತೆ ಮಾಡಿ. ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಪ್ಲಗ್ ತೆಗೆದು ಗಾಳಿಯ ಬಾಯಿಂದಲೂ ಮೇಲಿನಿಂದಲೂ ಕೆಲವು ಹನಿ ಖನಿಜ ಎಣ್ಣೆ ಬಿಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಿ, ಎಣ್ಣೆ ಎಲ್ಲ ಕಡೆ ಹರಡಲಿ. ಕಾರಿನ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎ.ಟಿ.ಎಫ್. ಎಣ್ಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಪಿಸ್ಟನ್ನನ್ನು ಮೇಲ್ತುದಿಯ ಬಿಗಿಯಲ್ಲಿ ನಿಲ್ಲಿಸದೆ ಕೆಳಗಿಳಿಸಿ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಇಡಿ. ಜೆಲ್‌ನ ಬಣ್ಣ ಬದಲಾದಾಗ ಓವನ್‌ನಲ್ಲಿ ಒಣಗಿಸಿ ಮರಳಿ ಹಾಕಬೇಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಆಗಾಗ ತೆರೆದು ನೋಡಿ, ಪ್ರತಿ ಸಲವೂ ಶಾಫ್ಟನ್ನು ಒಂದೆರಡು ಸುತ್ತು ತಿರುಗಿಸಿ ಮುಚ್ಚಿ. 60ಕ್ಕೆ ಹೊಸ ಬೇರಿಂಗ್ ಹಾಕಿದ ಮೇಲೆ ಅದಕ್ಕೆ ಈ ಆರೈಕೆ 35ಕ್ಕಿಂತಲೂ ಹೆಚ್ಚು ಬೇಕು. ಬೇರಿಂಗಿನ ಅಳತೆಗಳನ್ನು ಇಲ್ಲಿ ಬರೆದರೆ ನನ್ನ ಬಳಿ ಹೊಂದುವಂಥದ್ದು ಇದೆಯೇ ಎಂದು ನೋಡಿ ಹೇಳುತ್ತೇನೆ.